ಯುಎಸ್‌ಬಿ-ಸಿ ಹಾಕಿದ್ರೆ ಚಾರ್ಜ್ ಆಗುತ್ತೆ, ಮಾನಿಟರ್‌ಗೆ ಚಿತ್ರ ಬರಲ್ಲ: ಕೇಬಲ್ ಬದಲಿಸಲಾ, ಹಬ್ ಬದಲಿಸಲಾ?

ಪುಟವಿನ್ಯಾಸ_ಕುವೆಂಪುನಗರ
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡ್ತೀನಿ. ಎಡ, ಬಲ ಎರಡೂ ಪುಟ ಓದೋ ಗಾತ್ರದಲ್ಲಿ ಪಕ್ಕಪಕ್ಕ ಕಾಣಲಿ ಅಂತ 27 ಇಂಚಿನ 4ಕೆ ಮಾನಿಟರ್ ತಂದಿದ್ದೀನಿ.

ಲ್ಯಾಪ್‌ಟಾಪ್: ಇಂಟೆಲ್ 11ನೇ ಪೀಳಿಗೆಯ ಐ5, ವಿಂಡೋಸ್ 11. ಎಡಗಡೆ ಎರಡು ಯುಎಸ್‌ಬಿ-ಸಿ ಪೋರ್ಟ್. ಒಂದರ ಪಕ್ಕ "ಡಿ" ಒಳಗೆ "ಪಿ" ಸೇರಿಸಿದ ಗುರುತು, ಇನ್ನೊಂದರ ಪಕ್ಕ ಬರೀ "ಎಸ್‌ಎಸ್ 10". ಎರಡರಲ್ಲೂ ಚಾರ್ಜ್ ಆಗುತ್ತೆ, ಚಾರ್ಜರ್ 65 ವ್ಯಾಟ್.
ಮಾನಿಟರ್: ಒಂದು ಯುಎಸ್‌ಬಿ-ಸಿ (65 ವ್ಯಾಟ್ ಕೊಡುತ್ತೆ), ಒಂದು ಎಚ್‌ಡಿಎಂಐ 2.0, ಒಂದು ಡಿಸ್‌ಪ್ಲೇಪೋರ್ಟ್ 1.4.

ಫೋನ್ ಜೊತೆ ಬಂದ ಸಿ-ಟು-ಸಿ ಕೇಬಲ್ ಹಾಕಿದ್ರೆ ಲ್ಯಾಪ್‌ಟಾಪ್ ಚಾರ್ಜ್ ಆಗೋಕೆ ಶುರುವಾಗುತ್ತೆ, ಮಾನಿಟರ್ ಮಾತ್ರ "ನೋ ಸಿಗ್ನಲ್" ಅನ್ನುತ್ತೆ. 7-ಇನ್-1 ಹಬ್‌ನಿಂದ (ಒಂದು ಸಿ ಪೋರ್ಟನ್ನ ಹಲವು ಪೋರ್ಟ್ ಮಾಡೋ ಪೆಟ್ಟಿಗೆ) ಎಚ್‌ಡಿಎಂಐ ಕೊಟ್ರೆ ಚಿತ್ರ ಬರುತ್ತೆ, ಆದ್ರೆ 4ಕೆ ಇಟ್ಟಾಗ ಪಟ್ಟಿಯಲ್ಲಿ 30 ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತೆ ಅನ್ನೋ ಲೆಕ್ಕ) ಮೇಲಿನ ಆಯ್ಕೆನೇ ಇಲ್ಲ. ಮೌಸ್ ಬಾಣ ತಡೆದು ತಡೆದು ಹೋಗುತ್ತೆ, ಪುಟ ಸರಿಸಿದ್ರೆ ಕಣ್ಣಿಗೆ ಹಿಂಸೆ. ತಪ್ಪು ಯಾವುದರದು? ಕೇಬಲ್ಲಾ, ಹಬ್ಬಾ, ಲ್ಯಾಪ್‌ಟಾಪಾ?

ಗುತ್ತಲು_ಹುಡ್ಗ
ಕೇಬಲ್ ಕಣಕ್ಕ. ಫೋನ್ ಕೇಬಲ್ಲಲ್ಲಿ ಚಿತ್ರ ಬರಕಿಲ್ಲ.

ಹೆಬ್ಬಾಳ್_ಐಟಿ
ಕೇಬಲ್ ಒಂದೇ ಅಲ್ಲ, ಹಬ್ ಕೂಡ. ಎರಡೂ ಬೇರೆ ಬೇರೆ ಕಾಯಿಲೆ. ಹಬ್ಬನ್ನ ಕಿತ್ತು ಪಕ್ಕಕ್ಕಿಡಿ, ಸಿ-ಟು-ಡಿಸ್‌ಪ್ಲೇಪೋರ್ಟ್ ಕೇಬಲ್ ಒಂದು ತನ್ನಿ, ಮುಗೀತು.

ಪಿನ್24
ಮೇಡಂ, ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ಆ ಡಿಪಿ (ಅಂದ್ರೆ ಡಿಸ್‌ಪ್ಲೇಪೋರ್ಟ್) ಗುರುತಿನ ಪೋರ್ಟ್‌ನಿಂದ ಚಿತ್ರ ಹೊರಗೆ ಬರುತ್ತೆ. ಹಬ್ ಹಾಕಿದಾಗ 4ಕೆ ಬಂದಿದೆ ಅನ್ನೋದೇ ಅದಕ್ಕೆ ಸಾಕ್ಷಿ. "ಎಸ್‌ಎಸ್ 10" ಅಂದ್ರೆ ಡೇಟಾ ಸೆಕೆಂಡಿಗೆ 10 ಗಿಗಾಬಿಟ್ ಅಂತ ಅಷ್ಟೇ, ಚಿತ್ರದ ವಿಚಾರ ಅದು ಹೇಳಲ್ಲ. ಮಾನಿಟರ್‌ದು ಯಾವಾಗಲೂ ಡಿಪಿ ಗುರುತಿನ ಪೋರ್ಟ್‌ಗೇ ಹೋಗಲಿ.

ಕೇಬಲ್ ವಿಷಯ ಹೀಗೆ. ಸಿ ಮೂತಿಯಲ್ಲಿ 24 ಪಿನ್. ಅದರಲ್ಲಿ ಕರೆಂಟಿಗೆ ಕೆಲವು, ಹಳೇ ಯುಎಸ್‌ಬಿ 2.0 ಡೇಟಾಗೆ ಒಂದು ಜೋಡಿ ತಂತಿಯ ಜಾಗ, ವೇಗದ ಡೇಟಾಗೆ ನಾಲ್ಕು ಜೋಡಿ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅನ್ನೋದು ಈ ನಾಲ್ಕು ವೇಗದ ಜೋಡಿಗಳನ್ನ ಚಿತ್ರಕ್ಕೆ ಬಿಟ್ಟುಕೊಡೋ ವ್ಯವಸ್ಥೆ. ಫೋನ್ ಪೆಟ್ಟಿಗೆಯಲ್ಲಿ ಬರೋ ಕೇಬಲ್‌ಗಳಲ್ಲಿ ಬಹುಪಾಲು ಯುಎಸ್‌ಬಿ 2.0. ಮೂತಿ ಅದೇ ಇದ್ರೂ ಒಳಗೆ ವೇಗದ ಜೋಡಿಗಳ ತಂತಿಯನ್ನೇ ಎಳೆದಿರಲ್ಲ. ಕರೆಂಟ್ ಹೋಗುತ್ತೆ, ಚಿತ್ರ ಹೋಗೋಕೆ ದಾರಿ ಇಲ್ಲ.

ಕೇಬಲ್ ಹಾಕಿದಾಗ ವಿಂಡೋಸ್ ಬಲಗಡೆ ಕೆಳಗೆ "ಡಿಸ್‌ಪ್ಲೇಪೋರ್ಟ್ ಕನೆಕ್ಷನ್ ಮೈಟ್ ಬಿ ಲಿಮಿಟೆಡ್" ಅಂತ ಏನಾದ್ರೂ ತೋರಿಸ್ತಾ?

ಪುಟವಿನ್ಯಾಸ_ಕುವೆಂಪುನಗರ
ಹೌದು ಸಾರ್, ಒಂದು ಕ್ಷಣ ಬಂದು ಹೋಗುತ್ತೆ.

ಪಿನ್24
ಹಾಗಾದ್ರೆ ಅನುಮಾನವೇ ಬೇಡ. ಮಾನಿಟರ್ "ನಾನು ಚಿತ್ರ ತಗೋತೀನಿ" ಅಂತ ಹೇಳಿದೆ, ನಡುವಿನ ಕೇಬಲ್ಲೋ ಪೋರ್ಟೋ ಒಪ್ಪಲಿಲ್ಲ ಅಂತ ಅದರರ್ಥ. ಕೇಬಲ್ ಇದ್ದದ್ದು ಡಿಪಿ ಪೋರ್ಟ್‌ನಲ್ಲೇ ಆಗಿದ್ರೆ ಉಳಿಯೋದು ಕೇಬಲ್ ಒಂದೇ.

ವಿಜಯನಗರ_2ನೇಹಂತ
ಆದ್ರೆ ನನ್ನ ಕೇಬಲ್ ಮೇಲೆ "240 ವ್ಯಾಟ್" ಅಂತಾನೇ ಇದೆ, ದಪ್ಪ ಹೆಣಿಗೆ ಹೊದಿಕೆ, ಒಳ್ಳೇ ಬೆಲೆ. ಅದರಲ್ಲಿ ಬರಲೇಬೇಕಲ್ವಾ?

ಪಿನ್24
ಬರಲೇಬೇಕು ಅಂತೇನಿಲ್ಲ. ವ್ಯಾಟ್ ಅನ್ನೋದು ಚಾರ್ಜಿಂಗ್ ಲೆಕ್ಕ. 240 ವ್ಯಾಟ್ ಬರೆದ ಕೇಬಲ್‌ಗಳಲ್ಲೂ ಡೇಟಾ 480 ಮೆಗಾಬಿಟ್ ಮಾತ್ರ ಇರೋವು ಬೇಕಾದಷ್ಟಿವೆ. ನೋಡಬೇಕಾದ್ದು ಗಿಗಾಬಿಟ್: 5, 10, 20 ಅಥವಾ 40 ಅಂತ ಬರೆದಿರಬೇಕು. ಏನೂ ಬರೆದಿಲ್ಲದಿದ್ರೆ ಚಾರ್ಜಿಂಗ್ ಕೇಬಲ್ ಅಂತಲೇ ಲೆಕ್ಕ ಹಾಕಿ.

ಮನೆಯಲ್ಲೇ ಪರೀಕ್ಷೆ ಮಾಡ್ಬೇಕಾ? ಸಿ ಪೋರ್ಟ್ ಇರೋ ಹೊರಗಿನ ಎಸ್‌ಎಸ್‌ಡಿಯನ್ನ ಅದೇ ಕೇಬಲ್‌ನಲ್ಲಿ ಹಾಕಿ ಎರಡು ಮೂರು ಜಿಬಿಯ ಒಂದೇ ಕಡತ ಕಾಪಿ ಮಾಡಿ. ವೇಗ ಸೆಕೆಂಡಿಗೆ 40 ಎಂಬಿ ಹತ್ತಿರ ನಿಂತುಬಿಟ್ರೆ ಕೇಬಲ್ ಯುಎಸ್‌ಬಿ 2.0. ನೂರಾರು ಎಂಬಿ ದಾಟಿದ್ರೆ ವೇಗದ ತಂತಿ ಇದೆ.

ಸಕ್ಕರೆನಾಡು_ಬೈಟ್
ಇನ್ನೊಂದು ಮಾತು ಸೇರಿಸ್ತೀನಿ. ಮಾನಿಟರ್ 65 ವ್ಯಾಟ್ ಕೊಡುತ್ತೆ ಅಂದ್ರಲ್ಲ, 20 ವೋಲ್ಟ್‌ಗೆ ಅದು 3.25 ಆಂಪಿಯರ್. ಸಾಮಾನ್ಯ ಸಿ-ಟು-ಸಿ ಕೇಬಲ್ 3 ಆಂಪಿಯರ್‌ವರೆಗೆ, ಅಂದ್ರೆ 60 ವ್ಯಾಟ್. ಅದಕ್ಕಿಂತ ಮೇಲೆ ಹೋಗೋಕೆ ಕೇಬಲ್ ಒಳಗೆ ಇ-ಮಾರ್ಕರ್ ಚಿಪ್ (ಕೇಬಲ್ ಎಷ್ಟು ಕರೆಂಟ್ ತಡೆಯುತ್ತೆ ಅಂತ ತಿಳಿಸೋದು) ಇರೋ 5 ಆಂಪಿಯರ್ ಕೇಬಲ್ ಬೇಕು. ಹಾಗಾಗಿ ಕೇಳೋವಾಗ ಎರಡೂ ಸೇರಿಸಿ ಕೇಳಿ: 10 ಗಿಗಾಬಿಟ್, 100 ವ್ಯಾಟ್, ಉದ್ದ 1 ಮೀಟರ್. ಉದ್ದ ಹೆಚ್ಚಾದಂಗೆಲ್ಲಾ ಸಿಗ್ನಲ್ ಸೊರಗ್ತದೆ. ಮೇಜಿನ ಮೇಲಿನ ಕೆಲಸಕ್ಕೆ 1 ಮೀಟರ್ ಧಾರಾಳ.

ಗುತ್ತಲು_ಹುಡ್ಗ
ಸಿ ಎಕ್ಸ್‌ಟೆನ್ಷನ್, ಆಯಸ್ಕಾಂತದ ಮೂತಿ, ಇವೆಲ್ಲ ಮುಟ್ಟಬ್ಯಾಡಿ. ಅದ್ರಲ್ಲಿ ಚಾರ್ಜ್ ಆಯ್ತದೆ ಅಷ್ಟೆ, ಚಿತ್ರ ನೆಚ್ಕೊಳ್ಳಂಗಿಲ್ಲ.

ಹೆಬ್ಬಾಳ್_ಐಟಿ
ಎಲ್ರೂ ಸಿ-ಟು-ಸಿ ಹಿಂದೆ ಬಿದ್ದಿದ್ದೀರಿ. ನನ್ನ ವಾದ ಕೇಳಿ. ಸಿ-ಟು-ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ್ರೆ ನಾಲ್ಕೂ ಜೋಡಿ ಚಿತ್ರಕ್ಕೇ ಹೋಗುತ್ತೆ, 4ಕೆ 60 ಹರ್ಟ್ಸ್ ಖಾತ್ರಿ. ಚಾರ್ಜರ್ ಇನ್ನೊಂದು ಪೋರ್ಟ್‌ಗೆ ಹಾಕ್ಕೊಳ್ಳಿ, ಮೇಡಂ ಹತ್ರ ಎರಡು ಪೋರ್ಟ್ ಇದೆಯಲ್ಲ. ಮಾನಿಟರ್ ಮೂಲಕ ಚಾರ್ಜ್ ಮಾಡಿದ್ರೆ ಕರೆಂಟ್ ಹೋದಾಗ ಎಲ್ಲಾ ಒಟ್ಟಿಗೆ ಹೋಗುತ್ತೆ. ಮೈಸೂರಿನ ಮಳೆಗಾಲದಲ್ಲಿ ಇದು ಯೋಚಿಸಬೇಕಾದ ಮಾತು.

ಸಕ್ಕರೆನಾಡು_ಬೈಟ್
ಎಲ್ಲಾ ಎಲ್ಲಿ ಹೋಗುತ್ತೆ ಅಣ್ಣ? ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕೆಲಸ ನಿಲ್ಲಲ್ಲ. ಮಾನಿಟರ್ ಹೇಗೂ ಕರೆಂಟ್ ಇಲ್ಲದೆ ಆರೋದೇ, ಚಾರ್ಜ್ ಯಾವ ದಾರಿಯಲ್ಲಿ ಬಂದ್ರೂ. ಕಿಟಕಿಗಳು ಚೆಲ್ಲಾಪಿಲ್ಲಿ ಆಗ್ತವೆ ಅನ್ನೋದಾದ್ರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್ ಒಳಗೆ "ರಿಮೆಂಬರ್ ವಿಂಡೋ ಲೊಕೇಷನ್ಸ್" ಅಂತ ಒಂದು ಟಿಕ್ ಇದೆ. ಅದನ್ನ ಹಾಕಿಟ್ರೆ ಮಾನಿಟರ್ ವಾಪಸ್ ಬಂದಾಗ ಪುಟಗಳು ಇದ್ದ ಜಾಗಕ್ಕೇ ಹೋಗಿ ಕೂರ್ತವೆ.

ವೈರಿಂಗ್_ಅಗ್ರಹಾರ
ಕರೆಂಟ್ ಮಾತು ಬಂತಲ್ಲ, ನಾನೂ ಸೇರ್ಕೋತೀನಿ. ಮನೆ ಇನ್ವರ್ಟರ್‌ನಿಂದ ಮಾನಿಟರ್‌ಗೆ ಕರೆಂಟ್ ಬರ್ತಿದ್ರೆ ಇನ್ವರ್ಟರ್‌ನ ಹಿಂದೆಯೋ ಮುಂದೆಯೋ ಒಂದು ಸ್ವಿಚ್ ನೋಡಿ, ಸಾಮಾನ್ಯವಾಗಿ "ಯುಪಿಎಸ್" ಮತ್ತು "ನಾರ್ಮಲ್" ಅಂತ ಎರಡು ಸ್ಥಾನ ಇರುತ್ತೆ. ಯುಪಿಎಸ್ ಸ್ಥಾನದಲ್ಲಿ ಬದಲಾವಣೆ ಬೇಗ ಆಗುತ್ತೆ, ಮಾನಿಟರ್ ಆರಲ್ಲ. ನಾರ್ಮಲ್‌ನಲ್ಲಿದ್ರೆ ಒಂದು ಸಲ ಕಣ್ಣು ಮಿಟುಕಿಸಿ ಮತ್ತೆ ಬರುತ್ತೆ, ಆ ಮಿಟುಕಿಗೆ ಸಿ ಸಂಪರ್ಕ ಮೊದಲಿಂದ ಮತ್ತೆ ಜೋಡಣೆ ಆಗಬೇಕು. ಸೈನ್ ವೇವ್ ಇನ್ವರ್ಟರ್ ಆದ್ರೆ ಇನ್ನೂ ಒಳ್ಳೇದು.

ಇದಕ್ಕಿಂತ ಮುಖ್ಯವಾದ್ದು ಅರ್ಥಿಂಗ್. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಸವರಿದ್ರೆ ಜುಮ್ ಜುಮ್ ಅನ್ನುತ್ತಲ್ಲ, ಅದು ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಸೋರೋ ಅತಿ ಸಣ್ಣ ಕರೆಂಟ್. ಮೈಗೆ ಅಪಾಯ ಇಲ್ಲ. ಆದ್ರೆ ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಮೂತಿ ಚುಚ್ಚಿದ್ರೆ, ಆ ಕಡೆ ಟಿವಿಗೆ ಡಿಶ್ ಕೇಬಲ್‌ನಿಂದ ಅರ್ಥ್ ಸಿಕ್ಕಿದ್ರೆ, ಸೋರಿಕೆಯೆಲ್ಲ ಎಚ್‌ಡಿಎಂಐ ತಂತಿ ಮೂಲಕ ಇಳಿಯುತ್ತೆ, ಪೋರ್ಟ್ ಚಿಪ್ ಸುಡೋ ಸಾಧ್ಯತೆ ಇದೆ. ಅಗ್ರಹಾರ, ಲಷ್ಕರ್ ಮೊಹಲ್ಲಾ ಕಡೆಯ ಹಳೇ ಮನೆಗಳಲ್ಲಿ ಮೂರನೇ ತೂತು ಇದ್ರೂ ಅದಕ್ಕೆ ಅರ್ಥ್ ತಂತಿ ಬಂದಿದೆ ಅಂತ ಹೇಳಕ್ಕಾಗಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ: ಫೇಸ್‌ನಿಂದ ಅರ್ಥ್‌ಗೆ 230 ವೋಲ್ಟ್ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಮಾತ್ರ ಬರಬೇಕು. ಅಲ್ಲೀವರೆಗೂ ಮೊದಲು ಕೇಬಲ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ.

ವಿಜಯನಗರ_2ನೇಹಂತ
ಇದು ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಈಗ ಹಬ್ ವಿಷಯಕ್ಕೆ ಬರೋಣ. 30 ಹರ್ಟ್ಸ್ ಬರ್ತಿರೋದು ಹಳೇ ಎಚ್‌ಡಿಎಂಐ ಕೇಬಲ್‌ನಿಂದ ಅಲ್ವಾ? ಅದು ಬದಲಿಸಿದ್ರೆ ಸಾಕಲ್ವಾ?

ಪಿನ್24
ಇಲ್ಲಿ ಹಾಗಲ್ಲ. ಎಚ್‌ಡಿಎಂಐ ಕೇಬಲ್‌ಗೆ ತನ್ನ ತಾಕತ್ತು ಎಷ್ಟು ಅಂತ ಹೇಳ್ಕೊಳ್ಳೋ ಶಕ್ತಿ ಇಲ್ಲ. ಕೇಬಲ್ ಸೋತ್ರೆ 60 ಹರ್ಟ್ಸ್ ಆಯ್ಕೆ ಪಟ್ಟಿಯಲ್ಲಿ ಕಾಣುತ್ತೆ, ಆರಿಸಿದ ಮೇಲೆ ಪರದೆ ಕಪ್ಪಾಗುತ್ತೆ, ಇಲ್ಲಾ ಬಿಳಿ ಚುಕ್ಕಿ ಮಿಣುಕ್ತವೆ. ಆಯ್ಕೆನೇ ಕಾಣದಿದ್ರೆ ಮಿತಿ ಇರೋದು ಹಬ್‌ನಲ್ಲಿ, ಅಥವಾ ಮಾನಿಟರ್ ಮೆನುವಿನಲ್ಲಿ ಎಚ್‌ಡಿಎಂಐ 1.4ಕ್ಕೆ ಇಳಿಸಿಟ್ಟಿದ್ದಾರೆ. ಮೊದಲು ಆ ಮೆನು ನೋಡ್ಬಿಡಿ, ಖರ್ಚಿಲ್ಲ.

ಸಕ್ಕರೆನಾಡು_ಬೈಟ್
ಹಬ್ ಪೆಟ್ಟಿಗೆ ಮೇಲೆ ದೊಡ್ಡದಾಗಿ "4ಕೆ", ಪಕ್ಕದಲ್ಲಿ ಸಣ್ಣಕ್ಷರದಲ್ಲಿ "30 ಹರ್ಟ್ಸ್" ಇರುತ್ತೆ. ಒಳಗೆ ಎಚ್‌ಡಿಎಂಐ 1.4 ಚಿಪ್ ಕೂರಿಸಿರ್ತಾರೆ, ಅದರ ಗರಿಷ್ಠವೇ 4ಕೆ 30. ಕೇಬಲ್ ಚಿನ್ನದ್ದೇ ತಂದ್ರೂ ಪ್ರಯೋಜನ ಇಲ್ಲ.

ಲೆಕ್ಕ ಬೇಕಿದ್ದೋರಿಗೆ: 4ಕೆ 60 ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 12.5 ಗಿಗಾಬಿಟ್ ಬೇಕು. ಹಬ್‌ನಲ್ಲಿ ಯುಎಸ್‌ಬಿ 3 ಪೋರ್ಟ್‌ಗಳಿದ್ರೆ ನಾಲ್ಕು ಜೋಡಿಯಲ್ಲಿ ಎರಡು ಡೇಟಾಗೆ ಹೋಗಿ ಚಿತ್ರಕ್ಕೆ ಎರಡೇ ಉಳೀತವೆ. ಡಿಸ್‌ಪ್ಲೇಪೋರ್ಟ್ 1.2 ವೇಗದಲ್ಲಿ ಎರಡು ಜೋಡಿಗೆ ಕೈಗೆ ಸಿಗೋದು 8.64 ಗಿಗಾಬಿಟ್. 4ಕೆ 30ಕ್ಕೆ ಸಾಕು, 60ಕ್ಕೆ ಸಾಲದು. ಡಿಸ್‌ಪ್ಲೇಪೋರ್ಟ್ 1.4 ವೇಗದಲ್ಲಿ ಅದೇ ಎರಡು ಜೋಡಿ 12.96 ಕೊಡ್ತವೆ, ಅಂಚಿನಲ್ಲಿ ಹಿಡಿಸುತ್ತೆ. 11ನೇ ಪೀಳಿಗೆಯ ಇಂಟೆಲ್‌ನಲ್ಲಿ 1.4 ಇದೆ. 8ನೇ ಪೀಳಿಗೆಯ ಯುಎಚ್‌ಡಿ 620 ಗ್ರಾಫಿಕ್ಸ್ 1.2ಕ್ಕೇ ನಿಲ್ಲುತ್ತೆ. ಅಂಥ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3 ಇರೋ ಯಾವ ಮಾಮೂಲಿ ಹಬ್ ತಂದ್ರೂ 4ಕೆ 60 ಬರಲ್ಲ. ಅವರಿಗೆ ಹೆಬ್ಬಾಳ್ ಅಣ್ಣ ಹೇಳಿದ ಸಿ-ಟು-ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಸರಿ. ಈ ಮಾತಲ್ಲಿ ನಾನು ಅವರ ಕಡೆ.

ಹೆಬ್ಬಾಳ್_ಐಟಿ
ಅಷ್ಟು ಒಪ್ಪಿದ್ರಲ್ಲ, ಖುಷಿ. ಮೇಡಂ ವಿಷಯದಲ್ಲಿ ಮಾನಿಟರ್‌ಗೇ ಸಿ ಇದೆ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಒಂದು ತಿಳ್ಕೊಳ್ಳಿ: ಸಿ-ಟು-ಸಿ ಹಾಕಿದಾಗ ಮಾನಿಟರ್ ಹಿಂದಿನ ಯುಎಸ್‌ಬಿ ಪೋರ್ಟ್‌ಗಳ ವೇಗ ಮೆನುವಿನ ಮೇಲೆ ನಿಂತಿರುತ್ತೆ. ಕೆಲವು ಮಾನಿಟರ್‌ಗಳಲ್ಲಿ "ಹೈ ರೆಸಲ್ಯೂಷನ್" ಮತ್ತು "ಹೈ ಡೇಟಾ ಸ್ಪೀಡ್" ಅಂತ ಎರಡು ಆಯ್ಕೆ ಕೊಟ್ಟಿರ್ತಾರೆ. ಮೊದಲನೇದು ಇಟ್ರೆ ನಾಲ್ಕೂ ಜೋಡಿ ಚಿತ್ರಕ್ಕೆ, ಹಿಂದಿನ ಪೋರ್ಟ್ ಯುಎಸ್‌ಬಿ 2.0ಗೆ ಇಳಿಯುತ್ತೆ. ಕೀಬೋರ್ಡ್, ಮೌಸ್‌ಗೆ ಏನೂ ತೊಂದರೆ ಇಲ್ಲ. ಬ್ಯಾಕಪ್ ಡಿಸ್ಕ್ ಮಾತ್ರ ನೇರ ಲ್ಯಾಪ್‌ಟಾಪ್‌ಗೆ ಹಾಕಿ.

ಕುಕ್ಕರಹಳ್ಳಿ_ದಂಡೆ
ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದೆ, ಮಾನಿಟರ್‌ನಲ್ಲಿ ಸಿ ಇದೆ. ಸಿ-ಟು-ಎಚ್‌ಡಿಎಂಐ ಕೇಬಲ್ ತಿರುಗಿಸಿ ಹಾಕಬಹುದಾ?

ಪಿನ್24
ಆಗಲ್ಲ. ಆ ಕೇಬಲ್‌ನ ಮೂತಿಯೊಳಗೆ ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲನ್ನ ಎಚ್‌ಡಿಎಂಐಗೆ ಬದಲಿಸೋ ಚಿಪ್ ಇರುತ್ತೆ, ಅದು ಒಂದೇ ದಿಕ್ಕು. ನಿಮ್ಮ ಮಾನಿಟರ್‌ನಲ್ಲೂ ಎಚ್‌ಡಿಎಂಐ ಇರುತ್ತಲ್ಲ, ನೇರ ಅದಕ್ಕೇ ಕೊಡಿ.

ಟಿವಿ_ಮುಂದೆ_ಮಂಡ್ಯ
ವಿಷ್ಯ ಬುಟ್ಟು ಕೇಳ್ತಿದೀನಿ, ಬೇಜಾರಾಗ್ಬ್ಯಾಡಿ. ಇದೇ ಕೇಬಲ್ಲಲ್ಲಿ ಫೋನಿಂದ ಟಿವಿಗೆ ಮ್ಯಾಚ್ ಬತ್ತದಾ?

ಗುತ್ತಲು_ಹುಡ್ಗ
ಎಲ್ಲಾ ಫೋನಲ್ಲೂ ಬರಕಿಲ್ಲ ಕಣಣ್ಣ. ಸ್ಯಾಮ್‌ಸಂಗ್ ಎಸ್ ಸರಣಿ, ಐಫೋನ್ 15, ಪಿಕ್ಸೆಲ್ 8, ಇವುಗಳಲ್ಲಿ ಬತ್ತದೆ. ಕಮ್ಮಿ ಬೆಲೆ ಫೋನುಗಳಲ್ಲಿ ಸಿ ತೂತು ಇದ್ರೂ ಒಳಗೆ ಯುಎಸ್‌ಬಿ 2.0, ಚಿತ್ರ ಇಲ್ಲ. ಅಂಥದಕ್ಕೆ ವೈಫೈ ಮೇಲೆ ಕಾಸ್ಟ್ ಮಾಡೋದೇ ದಾರಿ. ಕೇಬಲ್ ತರಕ್ ಮುಂಚೆ ಫೋನ್ ಮಾಡೆಲ್ ಹೆಸರಿನ ಜೊತೆ "ಡಿಸ್‌ಪ್ಲೇಪೋರ್ಟ್" ಅಂತ ಸೇರಿಸಿ ಕಂಪನಿ ಪುಟದಲ್ಲಿ ನೋಡ್ಕಳಿ.

ಸರಸ್ವತಿಪುರಂ_ಮ್ಯಾಕ್
ಮ್ಯಾಕ್ ಇಟ್ಕೊಂಡೋರಿಗೂ ಒಂದು ಎಚ್ಚರಿಕೆ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಪರದೆ ಒಂದೇ. ಎಂ3 ಏರ್‌ನಲ್ಲಿ ಮುಚ್ಚಳ ಮುಚ್ಚಿದ್ರೆ ಎರಡು. ಎಂ4 ಏರ್‌ನಲ್ಲಿ ತೆರೆದಿಟ್ಟೂ ಎರಡು. "ಎರಡು ಎಚ್‌ಡಿಎಂಐ" ಅಂತ ಮಾರೋ ಮಾಮೂಲಿ ಹಬ್‌ಗಳು ಎಂಎಸ್‌ಟಿ (ಒಂದೇ ತಂತಿಯಲ್ಲಿ ಹಲವು ಪರದೆ ನಡೆಸೋ ವಿಧಾನ) ನಂಬಿಕೊಂಡಿರ್ತವೆ, ಮ್ಯಾಕ್ಓಎಸ್ ಅದನ್ನ ಬೆಂಬಲಿಸಲ್ಲ. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುತ್ತೆ. ಡಿಸ್‌ಪ್ಲೇಲಿಂಕ್ ಚಿಪ್ ಇರೋ ಡಾಕ್ ತಂದ್ರೆ ಮಿತಿ ದಾಟಬಹುದು, ಆದ್ರೆ ಅದಕ್ಕೆ ಡ್ರೈವರ್ ಹಾಕ್ಬೇಕು, ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡ್ಬೇಕು. ಕಾಪಿ ರಕ್ಷಣೆ ಇರೋ ಸಿನಿಮಾ ಆ್ಯಪ್‌ಗಳು ಅದರಲ್ಲಿ ಕಪ್ಪು ಪರದೆ ತೋರಿಸಬಹುದು.

ಅಚ್ಚುಮನೆ_ಅಶೋಕರಸ್ತೆ
ಪುಟವಿನ್ಯಾಸ ಮೇಡಂಗೆ ಯಾರೂ ಹೇಳದೇ ಇರೋದು ಒಂದಿದೆ. ಚಿತ್ರ ಬಂದ ಮೇಲೆ ಕನ್ನಡ ಅಕ್ಷರ ಹೇಗೆ ಕಾಣುತ್ತೆ ಅನ್ನೋದು.

ಕನ್ನಡದಲ್ಲಿ ದ ಮತ್ತು ಧ ಬೇರೆಯಾಗೋದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರೆಯಾಗೋದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, ಹತ್ತು ಪಾಯಿಂಟ್ ಅಕ್ಷರದಲ್ಲಿ ಆ ಸೀಳಿಗೆ ಒಂದು ಪಿಕ್ಸೆಲ್ ಸಿಕ್ಕರೆ ಹೆಚ್ಚು. "ಲಕ್ಷ್ಮಿ"ಯ ಒತ್ತುಗಳೆಲ್ಲ ಒಂದು ಮುದ್ದೆ ಆಗುತ್ತೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163. ಸ್ಕೇಲಿಂಗ್ 150 ಶೇಕಡಾ ಇಟ್ರೆ ಕರಡು ತಿದ್ದೋಕೆ ಕಾಗದದ ಹತ್ತಿರದ ಸ್ಪಷ್ಟತೆ ಸಿಗುತ್ತೆ. ಕರಡು ತಿದ್ದೋರು ಮಾನಿಟರ್‌ಗೆ ಖರ್ಚು ಮಾಡೋದು ಖಂಡಿತ ಸರಿ.

ಅಕ್ಷರದ ಅಂಚಲ್ಲಿ ಬಣ್ಣ ಒಡೆದಂತೆ, ಅದರಲ್ಲೂ ಕೆಂಪು ಅಕ್ಷರ ಮಸುಕಾಗಿ ಕಂಡ್ರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಕಲರ್ ಫಾರ್ಮ್ಯಾಟ್ ನೋಡಿ. ಅಲ್ಲಿ ಆರ್‌ಜಿಬಿ ಅಂತಿರಬೇಕು. 4:2:0 ಅಂತಿದ್ರೆ ದಾರಿ ಸಾಲದೆ ಬಣ್ಣದ ಮಾಹಿತಿ ಕತ್ತರಿಸಿ ಕಳಿಸ್ತಿದೆ. ವಿಡಿಯೋದಲ್ಲಿ ಗೊತ್ತಾಗಲ್ಲ, ಅಕ್ಷರದಲ್ಲಿ ಎದ್ದು ಕಾಣುತ್ತೆ. ಟಿವಿಯನ್ನ ಮಾನಿಟರ್ ಮಾಡ್ಕೊಂಡೋರು ಪಿಸಿ ಮೋಡ್ ಹಾಕಿ, ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸೋದು) ತೆಗೆದುಬಿಡಿ.

ಪುಟವಿನ್ಯಾಸ_ಕುವೆಂಪುನಗರ
ಒತ್ತಿನ ಮಾತು ನೂರಕ್ಕೆ ನೂರು ನಿಜ ಸಾರ್, ಮಾನಿಟರ್ ತಂದಿದ್ದೇ ಅದಕ್ಕೆ.

ದೇವರಾಜ ಅರಸು ರಸ್ತೆಯಲ್ಲಿ 10 ಗಿಗಾಬಿಟ್, 100 ವ್ಯಾಟ್, 1 ಮೀಟರ್ ಸಿ-ಟು-ಸಿ ಸಿಕ್ತು. ಡಿಪಿ ಪೋರ್ಟ್‌ಗೆ ಹಾಕಿದ ಕೂಡಲೇ ಚಿತ್ರ ಬಂತು. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 3840 × 2160, 60 ಹರ್ಟ್ಸ್, ಆರ್‌ಜಿಬಿ, 8 ಬಿಟ್. ಚಾರ್ಜೂ ಅದರಲ್ಲೇ ಆಗ್ತಿದೆ. ಎಲ್ಲರಿಗೂ ಧನ್ಯವಾದ. ಈಗ ಒಂದೇ ತಕರಾರು: ಊಟಕ್ಕೆ ಎದ್ದು ಹೋಗಿ ಬಂದ್ರೆ ಲ್ಯಾಪ್‌ಟಾಪ್ ಏಳುತ್ತೆ, ಮಾನಿಟರ್ ಏಳಲ್ಲ. ಕೇಬಲ್ ಕಿತ್ತು ಹಾಕಿದ್ರೆ ಬರುತ್ತೆ.

ಹೆಬ್ಬಾಳ್_ಐಟಿ
ಮಾನಿಟರ್ ಮೆನುವಿನಲ್ಲಿ "ಡೀಪ್ ಸ್ಲೀಪ್" ಇದ್ರೆ ಆಫ್ ಮಾಡಿ. ಗಾಢ ನಿದ್ದೆಗೆ ಹೋದಾಗ ಸಿ ಪೋರ್ಟ್‌ನ ಚಿಪ್ಪೂ ಮಲಗಿಬಿಡುತ್ತೆ. ಇನ್‌ಪುಟ್ ಸೋರ್ಸ್ "ಆಟೋ" ಬದಲು "ಯುಎಸ್‌ಬಿ-ಸಿ" ಅಂತಲೇ ಕಟ್ಟಿಹಾಕಿ. ಆಗಲೂ ಏಳದಿದ್ರೆ ಕೇಬಲ್ ಕೀಳೋ ಮುಂಚೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತೆ. ತೆರೆದಿರೋ ಕಡತಗಳಿಗೆ ಏನೂ ಆಗಲ್ಲ.

ಸಕ್ಕರೆನಾಡು_ಬೈಟ್
ಅದೂ ಆಗದಿದ್ರೆ: ಲ್ಯಾಪ್‌ಟಾಪ್ ಪೂರ್ತಿ ಆಫ್, ಎಲ್ಲಾ ಕೇಬಲ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡೀರಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ ಕಂಟ್ರೋಲರ್‌ನಲ್ಲಿ ಸಿಕ್ಕಿಹಾಕ್ಕೊಂಡ ಸ್ಥಿತಿ ಇದರಿಂದ ತೊಳೆದು ಹೋಗುತ್ತೆ. ಜೊತೆಗೆ ಕಂಪನಿ ಪುಟದಿಂದ ಬಯೋಸ್ ಅಪ್‌ಡೇಟ್ ನೋಡಿ. ಕಿತ್ತು ಕಿತ್ತು ಹಾಕೋದು ಒಳ್ಳೇದಲ್ಲ, ಪೋರ್ಟ್ ಸಡಿಲ ಆಗುತ್ತೆ.

ಗುತ್ತಲು_ಹುಡ್ಗ
ಮೂತಿ ಒಂದು ಮಗ್ಗುಲಲ್ಲಿ ಕೆಲ್ಸ ಮಾಡಿ ತಿರುಗಿಸಿದ್ರೆ ಮಾಡದಿದ್ರೆ, ಪೋರ್ಟಲ್ಲಿ ಧೂಳು ಕೂತದೆ ಇಲ್ಲಾ ಕೇಬಲ್ಲಲ್ಲಿ ಒಂದು ತಂತಿ ಹೋಗದೆ ಅಂತ. ಆಫ್ ಮಾಡಿ ಮರದ ಹಲ್ಲುಕಡ್ಡಿಲಿ ಮೆಲ್ಲಗೆ ಕೆರ್ದು ತೆಗೀರಿ. ಗುಂಡುಸೂಜಿ ಹಾಕ್ಬ್ಯಾಡಿ.

ಮೇಷ್ಟ್ರು_ಸುಭಾಷನಗರ
ನಮ್ಮ ಶಾಲೆ ಪ್ರೊಜೆಕ್ಟರ್‌ಗೆ ವಿಜಿಎ ಮಾತ್ರ. ಸಿ-ಟು-ವಿಜಿಎ ತಂದ್ರೆ ಪೋರ್ಟ್ ಲೆಕ್ಕಾಚಾರ ಇದೇನಾ?

ಪಿನ್24
ಹೌದು ಸಾರ್, ಅಲ್ಲೂ ಪೋರ್ಟ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಬೇಕೇ ಬೇಕು. ಹಾಕಿದ ಮೇಲೆ ವಿಂಡೋಸ್ ಮತ್ತು ಪಿ ಒತ್ತಿ "ಡುಪ್ಲಿಕೇಟ್" ಆರಿಸಿ. ಪ್ರೊಜೆಕ್ಟರ್‌ನ ಸಹಜ ರೆಸಲ್ಯೂಷನ್‌ಗೇ ಹೊಂದಿಸಿ, ಹಳೆಯವು ಸಾಮಾನ್ಯವಾಗಿ 1024 × 768 ಅಥವಾ 1280 × 800. ವಿಜಿಎಯಲ್ಲಿ ಧ್ವನಿ ಹೋಗಲ್ಲ, ಅದಕ್ಕೆ ಬೇರೆ ಆಡಿಯೋ ಕೇಬಲ್ ಇಟ್ಕೊಳ್ಳಿ.

ಪುಟವಿನ್ಯಾಸ_ಕುವೆಂಪುನಗರ
ಡೀಪ್ ಸ್ಲೀಪ್ ಆನ್ ಇತ್ತು, ತೆಗೆದೆ. ಈಗ ಮೌಸ್ ಮುಟ್ಟಿದ್ರೆ ಮಾನಿಟರ್ ಏಳ್ತಿದೆ. ಹಳೇ ಹಬ್ ಅನ್ನ ಮೇಷ್ಟ್ರ ಶಾಲೆಗೆ ಕೊಟ್ರೆ ಉಪಯೋಗ ಆಗುತ್ತಾ?

ಮೇಷ್ಟ್ರು_ಸುಭಾಷನಗರ
ಅದರಲ್ಲಿ ವಿಜಿಎ ಇದೆಯಾ ಮೇಡಂ? ಎಚ್‌ಡಿಎಂಐ ಮಾತ್ರ ಇದ್ರೂ ಪರವಾಗಿಲ್ಲ, ಕಂಪ್ಯೂಟರ್ ಕೋಣೆಯಲ್ಲಿ ಒಂದು ಫುಲ್ ಎಚ್‌ಡಿ ಟಿವಿ ಇದೆ, ಅದಕ್ಕೆ 60 ಹರ್ಟ್ಸ್ ಬರುತ್ತೆ.